ಕೀಟನಾಶಕ ವಿಷ ಮತ್ತು ನರಮಂಡಲ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಮಳೆಯಾಶ್ರಿತ ಶೇಂಗಾ ಇಲ್ಲಿನ ಮುಖ್ಯ ಬೆಳೆಯಾಗಿದೆ. ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮುಂಗಾರು ಹಂಗಾಮಿನಲ್ಲಿ ಸುರುಳಿ ಪೂಚಿ, ಕೆಂಪು ಕಂಬಳಿ ಹುಳು, ಗೊಣ್ಣೆ ಹುಳು ಮುಂತಾದ ಕೀಟಗಳ ಬಾಧೆ ಕಂಡುಬಂದಾಗ ರೈತರು ಕೀಟನಾಶಕಗಳನ್ನು ಬಳಸುವುದು ವಾಡಿಕೆ. ಗ್ರಾಮೀಣ ಭಾಗದಲ್ಲಿ ಇವುಗಳನ್ನು "ಔಷಧಿ" ಅಥವಾ "ಎಣ್ಣೆ" ಎಂದು ಕರೆಯಲಾಗುತ್ತದೆ. ಹೆಸರು ಏನೇ ಇರಲಿ, ಇವುಗಳಲ್ಲಿ ಬಹುಪಾಲು ಕೀಟದ ನರಮಂಡಲವನ್ನು ಕೆಡಿಸಿ ಕೊಲ್ಲುವ ವಿಷಗಳು. ಕೀಟದ ನರ ಮತ್ತು ಮನುಷ್ಯನ ನರ ಕೆಲಸ ಮಾಡುವ ಮೂಲ ವಿಧಾನ ಒಂದೇ ಆಗಿರುವುದರಿಂದ, ಕೀಟವನ್ನು ಕೊಲ್ಲುವ ವಸ್ತು ಮನುಷ್ಯನನ್ನೂ ಕೊಲ್ಲಬಲ್ಲದು.

ಈ ವಿಷಗಳು ಶರೀರದಲ್ಲಿ ಏನು ಮಾಡುತ್ತವೆ, ವಿಷಬಾಧೆಯ ಲಕ್ಷಣಗಳನ್ನು ಗುರುತಿಸುವುದು ಹೇಗೆ, ಆಸ್ಪತ್ರೆ ತಲುಪುವವರೆಗೆ ಏನು ಮಾಡಬೇಕು, ಏನು ಮಾಡಬಾರದು, ಹಾಗೂ ನಂತರ ಯಾವ ದಾಖಲೆಗಳನ್ನು ಪಡೆದುಕೊಳ್ಳಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ನೀಡಲಾಗಿದೆ.

2. ನರಸಂದೇಶ ಎಂದರೇನು?

ಮಿದುಳು, ಮಿದುಳು ಬಳ್ಳಿ ಹಾಗೂ ಶರೀರದಾದ್ಯಂತ ಹರಡಿರುವ ನರಗಳು ಸೇರಿ ನರಮಂಡಲವಾಗುತ್ತದೆ. ಉಸಿರಾಟ, ಹೃದಯದ ಬಡಿತ, ಜೀರ್ಣಕ್ರಿಯೆ, ಕೈಕಾಲುಗಳ ಚಲನೆ, ನೋಟ, ಯೋಚನೆ ಇವೆಲ್ಲವೂ ನರಕೋಶಗಳ ನಡುವೆ ಹರಿಯುವ ಸಂದೇಶಗಳನ್ನು ಅವಲಂಬಿಸಿವೆ.

ನರಸಂದೇಶ ಎರಡು ಹಂತಗಳಲ್ಲಿ ಸಾಗುತ್ತದೆ. ಮೊದಲನೆಯದು ವಿದ್ಯುತ್ ಹಂತ. ವಿಶ್ರಾಂತ ಸ್ಥಿತಿಯಲ್ಲಿ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ಗಳಷ್ಟು ಋಣ ವಿದ್ಯುತ್ತನ್ನು ಹೊಂದಿರುತ್ತದೆ. ಪ್ರಚೋದನೆ ಬಂದಾಗ ನರತಂತುವಿನ ಪೊರೆಯಲ್ಲಿರುವ ಸೋಡಿಯಂ ದ್ವಾರಗಳು ತೆರೆದು ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ. ಮರುಕ್ಷಣವೇ ಆ ದ್ವಾರಗಳು ಮುಚ್ಚಿ, ಪೊಟ್ಯಾಸಿಯಂ ಅಯಾನುಗಳು ಹೊರಗೆ ಹರಿದು ಹಿಂದಿನ ಸ್ಥಿತಿ ಮರಳುತ್ತದೆ. ಈ ಏರಿಳಿತವು ಅಲೆಯಂತೆ ನರತಂತುವಿನ ಉದ್ದಕ್ಕೂ ಸಾಗುತ್ತದೆ. ವೇಗವಾಗಿ ಸಂದೇಶ ಒಯ್ಯುವ ನರಗಳಲ್ಲಿ ಇದರ ವೇಗ ಸೆಕೆಂಡಿಗೆ ನೂರು ಮೀಟರ್‌ಗಳವರೆಗೂ ಇರುತ್ತದೆ.

ಎರಡನೆಯದು ರಾಸಾಯನಿಕ ಹಂತ. ಒಂದು ನರಕೋಶಕ್ಕೂ ಮುಂದಿನ ನರಕೋಶ ಅಥವಾ ಸ್ನಾಯುವಿಗೂ ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಬಿರುಕು ಇರುತ್ತದೆ. ಈ ಸ್ಥಳಕ್ಕೆ ನರಸಂಧಿ ಎಂದು ಹೆಸರು. ವಿದ್ಯುತ್ ಅಲೆ ಈ ಬಿರುಕನ್ನು ದಾಟಲಾರದು. ಅದು ನರದ ತುದಿಗೆ ಬಂದಾಗ ಅಲ್ಲಿ ಸಂಗ್ರಹವಾಗಿರುವ ರಾಸಾಯನಿಕವೊಂದು ಬಿಡುಗಡೆಯಾಗಿ, ಬಿರುಕನ್ನು ದಾಟಿ, ಎದುರಿನ ಕೋಶದ ಮೇಲಿರುವ ಗ್ರಾಹಿಗಳಿಗೆ ಅಂಟಿಕೊಂಡು ಸಂದೇಶ ಮುಟ್ಟಿಸುತ್ತದೆ. ಇಂಥ ರಾಸಾಯನಿಕವನ್ನು ನರವಾಹಕ ಎನ್ನಲಾಗುತ್ತದೆ. ನರವು ರಾಸಾಯನಿಕದ ಮೂಲಕ ಸಂದೇಶ ಕಳುಹಿಸುತ್ತದೆ ಎಂಬುದನ್ನು ಆಟೋ ಲೋವಿ ಎಂಬ ವಿಜ್ಞಾನಿಯು 1921ರಲ್ಲಿ ಕಪ್ಪೆಯ ಹೃದಯದ ಮೇಲಿನ ಪ್ರಯೋಗದಿಂದ ತೋರಿಸಿದರು. ಇದಕ್ಕಾಗಿ ಅವರಿಗೂ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಸ್ನಾಯುಗಳಿಗೆ, ಹೃದಯಕ್ಕೆ, ಕರುಳಿಗೆ ಹಾಗೂ ಬೆವರು ಮತ್ತು ಜೊಲ್ಲಿನ ಗ್ರಂಥಿಗಳಿಗೆ ಸಂದೇಶ ಒಯ್ಯುವ ಮುಖ್ಯ ನರವಾಹಕದ ಹೆಸರು ಅಸಿಟೈಲ್‌ಕೋಲಿನ್. ಸಂದೇಶ ಮುಟ್ಟಿದ ಕೂಡಲೇ ಇದು ನಾಶವಾಗಬೇಕು. ಇಲ್ಲವಾದಲ್ಲಿ ಒಂದೇ ಸಂದೇಶ ಮತ್ತೆ ಮತ್ತೆ ಮುಟ್ಟುತ್ತಲೇ ಇರುತ್ತದೆ. ಈ ಸ್ವಚ್ಛತಾ ಕಾರ್ಯವನ್ನು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವು ಮಾಡುತ್ತದೆ. ಈ ಕಿಣ್ವದ ಒಂದು ಅಣು ಒಂದು ಸೆಕೆಂಡಿನಲ್ಲಿ ಅಸಿಟೈಲ್‌ಕೋಲಿನ್‌ನ ಸಾವಿರಾರು ಅಣುಗಳನ್ನು ಒಡೆಯುತ್ತದೆ. ಕೀಟನಾಶಕಗಳಲ್ಲಿ ಅತಿ ಅಪಾಯಕಾರಿಯಾದ ವರ್ಗವು ದಾಳಿ ಮಾಡುವುದು ಈ ಕಿಣ್ವದ ಮೇಲೆಯೇ.

3. ವಿಷಗಳು ನರಸಂದೇಶವನ್ನು ಕೆಡಿಸುವ ಬಗೆ

ಅ) ಆರ್ಗನೋಫಾಸ್ಫೇಟ್ ವರ್ಗ: ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೋಫಾಸ್, ಡೈಮಿಥೋಯೇಟ್, ಮಾನೋಕ್ರೋಟೋಫಾಸ್ ಮುಂತಾದವು ಈ ವರ್ಗಕ್ಕೆ ಸೇರಿವೆ. ಇವುಗಳಲ್ಲಿರುವ ರಂಜಕಯುಕ್ತ ಭಾಗವು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವಕ್ಕೆ ಭದ್ರವಾಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಆಗ ನರಸಂಧಿಗಳಲ್ಲಿ ಅಸಿಟೈಲ್‌ಕೋಲಿನ್ ತುಂಬಿಕೊಳ್ಳುತ್ತದೆ. ಗ್ರಂಥಿಗಳು ನಿಲ್ಲದೆ ಸ್ರವಿಸುತ್ತವೆ, ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋತು ನಿಲ್ಲುತ್ತವೆ. ಕಾಲ ಕಳೆದಂತೆ ಈ ಅಂಟು ಇನ್ನಷ್ಟು ಗಟ್ಟಿಯಾಗಿ, ಯಾವ ಚುಚ್ಚುಮದ್ದಿಗೂ ಬಿಡಿಸಲಾಗದ ಸ್ಥಿತಿ ತಲುಪುತ್ತದೆ. ಇದಕ್ಕೆ ಬೇಕಾಗುವ ಅವಧಿಯು ಕೀಟನಾಶಕದಿಂದ ಕೀಟನಾಶಕಕ್ಕೆ ಭಿನ್ನವಾಗಿರುತ್ತದೆ. ಚಿಕಿತ್ಸೆ ಬೇಗ ಆರಂಭವಾಗಬೇಕು ಎನ್ನಲು ಇದೂ ಒಂದು ಕಾರಣ.

1930ರ ದಶಕದಲ್ಲಿ ಜರ್ಮನಿಯಲ್ಲಿ ಹೊಸ ಕೀಟನಾಶಕಗಳನ್ನು ಹುಡುಕುತ್ತಿದ್ದ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ವಿಜ್ಞಾನಿಗೆ ಟಾಬುನ್ ಎಂಬ ವಸ್ತು ದೊರೆಯಿತು. ಅದು ಯುದ್ಧವಿಷವಾಗಿ ಪರಿಣಮಿಸಿತು. 1995ರ ಮಾರ್ಚ್ 20ರಂದು ಟೋಕಿಯೋ ನಗರದ ಸುರಂಗ ರೈಲಿನಲ್ಲಿ ಹರಡಲಾದ ಸಾರಿನ್ ಸಹ ಇದೇ ಕುಟುಂಬದ್ದು. ಹೊಲಕ್ಕೆ ಸಿಂಪಡಿಸುವ ವಿಷಕ್ಕೂ ಇವುಗಳಿಗೂ ಇರುವ ವ್ಯತ್ಯಾಸ ತೀವ್ರತೆಯಲ್ಲಿ ಮಾತ್ರ, ಕೆಲಸ ಮಾಡುವ ರೀತಿಯಲ್ಲಿ ಅಲ್ಲ.

ಆ) ಕಾರ್ಬಮೇಟ್ ವರ್ಗ: ಕಾರ್ಬೋಸಲ್ಫಾನ್, ಕಾರ್ಬೋಫ್ಯೂರಾನ್ ಮುಂತಾದವು. ಇವೂ ಅದೇ ಕಿಣ್ವವನ್ನು ತಡೆಯುತ್ತವೆ. ಆದರೆ ಈ ಅಂಟು ಕೆಲವು ಗಂಟೆಗಳಲ್ಲಿ ತಾನಾಗಿಯೇ ಬಿಡುತ್ತದೆ. ಆದರೂ ಆ ಗಂಟೆಗಳಲ್ಲಿ ಉಸಿರಾಟ ನಿಂತರೆ ಪ್ರಾಣಾಪಾಯ ತಪ್ಪಿದ್ದಲ್ಲ.

ಇ) ಪೈರೆಥ್ರಾಯ್ಡ್ ವರ್ಗ: ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಮುಂತಾದವು. ಇವು ಸೋಡಿಯಂ ದ್ವಾರಗಳು ಸಕಾಲದಲ್ಲಿ ಮುಚ್ಚದಂತೆ ತಡೆದು, ನರವು ಪದೇ ಪದೇ ಮಿಡಿಯುವಂತೆ ಮಾಡುತ್ತವೆ. ಸಿಂಪಡಿಸಿದವರಿಗೆ ಮುಖದಲ್ಲಿ ಉರಿ ಮತ್ತು ಜುಮುಗುಡುವಿಕೆ ಉಂಟಾಗುವುದು ಇದರಿಂದಲೇ. ಮನುಷ್ಯನ ಶರೀರವು ಇವುಗಳನ್ನು ಬೇಗ ವಿಭಜಿಸುವುದರಿಂದ ಅಪಾಯ ಕಡಿಮೆ. ಆದರೆ ಮಾರುಕಟ್ಟೆಯಲ್ಲಿ ಪೈರೆಥ್ರಾಯ್ಡ್ ಮತ್ತು ಆರ್ಗನೋಫಾಸ್ಫೇಟ್ ಬೆರೆಸಿದ ಮಿಶ್ರಣಗಳೂ ಇರುವುದರಿಂದ ಡಬ್ಬಿಯ ಮೇಲಿನ ಪೂರ್ಣ ಹೆಸರನ್ನು ಓದತಕ್ಕದ್ದು.

ಈ) ನಿಯೋನಿಕೋಟಿನಾಯ್ಡ್ ವರ್ಗ: ಇಮಿಡಾಕ್ಲೋಪ್ರಿಡ್ ಮುಂತಾದವು, ಬೀಜೋಪಚಾರಕ್ಕೂ ಬಳಕೆಯಲ್ಲಿವೆ. ಇವು ಅಸಿಟೈಲ್‌ಕೋಲಿನ್‌ನ ಗ್ರಾಹಿಗಳಿಗೆ ತಾವೇ ಅಂಟಿಕೊಂಡು ಸುಳ್ಳು ಸಂದೇಶ ನೀಡುತ್ತವೆ. ಕೀಟಗಳ ಗ್ರಾಹಿಗಳಿಗೆ ಹೆಚ್ಚು ಬಲವಾಗಿಯೂ ಮನುಷ್ಯರ ಗ್ರಾಹಿಗಳಿಗೆ ದುರ್ಬಲವಾಗಿಯೂ ಅಂಟುತ್ತವೆ. ಉಪಚರಿಸಿದ ಬೀಜವನ್ನು ಯಾವ ಕಾರಣಕ್ಕೂ ಆಹಾರವಾಗಿ ಬಳಸಬಾರದು.

ಉ) ಆರ್ಗನೋಕ್ಲೋರಿನ್ ವರ್ಗ: ಎಂಡೋಸಲ್ಫಾನ್ ಇದಕ್ಕೆ ಉದಾಹರಣೆ. ಮಿದುಳಿನಲ್ಲಿ ನರಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ನರವಾಹಕವಿದೆ. ಎಂಡೋಸಲ್ಫಾನ್ ಈ ಶಮನಕಾರಿ ಸಂದೇಶವನ್ನು ತಡೆಯುವುದರಿಂದ ನರಗಳ ಉದ್ರೇಕ ಮಿತಿಮೀರಿ ಸೆಳವು ಉಂಟಾಗುತ್ತದೆ.

ರೇಷ್ಮೆ ಸಾಕಣೆದಾರರಿಗೆ ಈ ವಿಷಯ ಹೊಸದಲ್ಲ. ಪಕ್ಕದ ಹೊಲಕ್ಕೆ ಸಿಂಪಡಿಸಿದ ವಿಷ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಎಲೆಯ ಮೇಲೆ ಕುಳಿತರೆ, ಆ ಎಲೆ ತಿಂದ ಹುಳುಗಳು ಸಾಯುತ್ತವೆ. ರೇಷ್ಮೆ ಹುಳುವೂ ಕೀಟವೇ. ವಿಷಕ್ಕೆ ಉಪಕಾರಿ ಹುಳು, ಅಪಕಾರಿ ಹುಳು ಎಂಬ ಭೇದವಿಲ್ಲ.

4. ವಿಷಬಾಧೆಯ ಲಕ್ಷಣಗಳು

ವಿಷವು ಬಾಯಿಯಿಂದ ಮಾತ್ರವಲ್ಲದೆ ಚರ್ಮ, ಕಣ್ಣು ಮತ್ತು ಉಸಿರಿನ ಮೂಲಕವೂ ಶರೀರವನ್ನು ಸೇರುತ್ತದೆ. ಬೆನ್ನಿಗೆ ಹೊರುವ ಸಿಂಪರಣಾ ಯಂತ್ರ ಸೋರಿ ಬಟ್ಟೆ ನೆನೆದರೆ, ಬೆವರಿದ ಚರ್ಮದ ಮೂಲಕ ವಿಷವು ಗಂಟೆಗಟ್ಟಲೆ ಒಳಸೇರುತ್ತಿರುತ್ತದೆ. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ವಿಷಬಾಧೆಯ ಲಕ್ಷಣಗಳು ಮೂರು ಗುಂಪುಗಳಾಗಿ ಕಂಡುಬರುತ್ತವೆ.

- ಗ್ರಂಥಿಗಳು ಮತ್ತು ಒಳ ಅಂಗಗಳಲ್ಲಿ: ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಿಪರೀತ ಬೆವರು, ವಾಂತಿ, ಹೊಟ್ಟೆ ನುಲಿತ, ಭೇದಿ, ತಿಳಿಯದೆ ಮೂತ್ರ ಹೋಗುವುದು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗುವುದು, ನೋಟ ಮಂಜಾಗುವುದು, ನಾಡಿ ನಿಧಾನವಾಗುವುದು, ಶ್ವಾಸನಾಳಗಳಲ್ಲಿ ದ್ರವ ತುಂಬಿ ಗೊರಗೊರ ಸದ್ದು ಬರುವುದು.
- ಸ್ನಾಯುಗಳಲ್ಲಿ: ಕಣ್ಣೆವೆ, ಕೆನ್ನೆ, ತೊಡೆಯ ಸ್ನಾಯುಗಳು ತಾವಾಗಿ ಅದುರುವುದು, ನಂತರ ನಿಶ್ಶಕ್ತಿ, ಉಸಿರಾಟದ ಸ್ನಾಯುಗಳು ಸೋಲುವುದು.
- ಮಿದುಳಿನಲ್ಲಿ: ತಲೆನೋವು, ತಲೆಸುತ್ತು, ಗಾಬರಿ, ಮಾತು ತೊದಲುವುದು, ಸೆಳವು, ಪ್ರಜ್ಞೆ ತಪ್ಪುವುದು.

ಸಾವು ಸಾಮಾನ್ಯವಾಗಿ ಉಸಿರಾಟ ಸೋಲುವುದರಿಂದ ಸಂಭವಿಸುತ್ತದೆ. ಶ್ವಾಸಕೋಶದಲ್ಲಿ ದ್ರವ ತುಂಬುವುದು, ಉಸಿರಾಟದ ಸ್ನಾಯು ಸೋಲುವುದು, ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಕೇಂದ್ರ ಮಂಕಾಗುವುದು ಈ ಮೂರೂ ಒಟ್ಟಿಗೇ ನಡೆಯುತ್ತವೆ.

ಸಿಂಪರಣೆಯ ದಿನ ತಲೆನೋವು, ಬೆವರು, ವಾಕರಿಕೆ ಕಂಡುಬಂದರೆ ಬಿಸಿಲಿನ ಆಯಾಸವೆಂದು ಕಡೆಗಣಿಸುವವರು ಅನೇಕರು. ಈ ವಿಷಯದಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ನಿಷ್ಕ್ರಿಯವಾದ ಕಿಣ್ವದ ಜಾಗಕ್ಕೆ ಹೊಸ ಕಿಣ್ವ ತಯಾರಾಗಲು ಕಾಲ ಬೇಕು. ಕೆಂಪು ರಕ್ತಕಣಗಳಲ್ಲಿನ ಕಿಣ್ವವು ಹೊಸ ಕಣಗಳು ಹುಟ್ಟಿದಂತೆಲ್ಲ ದಿನಕ್ಕೆ ಸುಮಾರು ಶೇ. 1ರಷ್ಟು ಮಾತ್ರ ಮರಳುತ್ತದೆ. ಆದ್ದರಿಂದ ಬಿಡುವಿಲ್ಲದೆ ದಿನವೂ ಸಿಂಪಡಿಸುವವರಲ್ಲಿ ನಷ್ಟ ಸೇರುತ್ತಾ ಹೋಗಿ, ಮೊದಲ ದಿನ ಏನೂ ಆಗದವರು ಕೆಲ ದಿನಗಳ ನಂತರ ಅಷ್ಟೇ ಪ್ರಮಾಣದ ವಿಷಕ್ಕೆ ಕುಸಿಯಬಹುದು. "ಇಷ್ಟು ದಿನ ಹೊಡೆದಿದ್ದೇನೆ, ಏನೂ ಆಗಿಲ್ಲ" ಎಂಬುದು ಸುರಕ್ಷತೆಗೆ ಪುರಾವೆಯಾಗುವುದಿಲ್ಲ.

5. ತಕ್ಷಣ ಮಾಡಬೇಕಾದುದು

(1) ಬಾಧಿತರನ್ನು ಸ್ಥಳದಿಂದ ದೂರ ಒಯ್ದು ಗಾಳಿ ಬರುವ ಕಡೆ ಮಲಗಿಸಬೇಕು.
(2) 108 ಸಂಖ್ಯೆಗೆ ಕರೆ ಮಾಡಬೇಕು. ವಾಹನ ಬರುವುದು ತಡವಾಗುವಂತಿದ್ದರೆ ದೊರೆತ ವಾಹನದಲ್ಲಿ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.
(3) ವಿಷ ತಾಗಿದ ಬಟ್ಟೆಗಳನ್ನು ಪೂರ್ಣವಾಗಿ ತೆಗೆದು, ಕೂದಲು, ಉಗುರಿನ ಸಂದು ಸೇರಿದಂತೆ ಮೈಯನ್ನು ಸಾಬೂನು ಮತ್ತು ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ಶುದ್ಧ ನೀರಿನಿಂದ ತೊಳೆಯಬೇಕು. ತೊಳೆಯುವವರು ಕೈಗವಸು, ಅದಿಲ್ಲದಿದ್ದಲ್ಲಿ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಧರಿಸಬೇಕು.
(4) ಎಡ ಮಗ್ಗುಲಾಗಿ, ಬಾಯಿ ಕೆಳಮುಖವಾಗುವಂತೆ ಮಲಗಿಸಬೇಕು. ಬಾಯಲ್ಲಿನ ಜೊಲ್ಲು, ವಾಂತಿಯನ್ನು ಬಟ್ಟೆಯಿಂದ ಒರೆಸಿ ಉಸಿರಿಗೆ ದಾರಿ ಮಾಡಬೇಕು.
(5) ವಿಷದ ಡಬ್ಬಿ ಹಾಗೂ ಅದರೊಳಗಿನ ಮಾಹಿತಿ ಪತ್ರವನ್ನು ಆಸ್ಪತ್ರೆಗೆ ತಪ್ಪದೆ ಒಯ್ಯಬೇಕು.

ಮಾಡಬಾರದ ಸಂಗತಿಗಳು: ಉಪ್ಪುನೀರು, ಹುಣಸೆ ನೀರು, ಸಗಣಿ ನೀರು ಕುಡಿಸಿ ಅಥವಾ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಪ್ರಜ್ಞೆ ಮಂಕಾಗಿರುವಾಗ ವಾಂತಿಯು ಶ್ವಾಸಕೋಶಕ್ಕೆ ಸೇರುತ್ತದೆ. ಅನೇಕ ಕೀಟನಾಶಕಗಳಲ್ಲಿ ದ್ರಾವಕವಾಗಿ ಬಳಸಿರುವ ಪೆಟ್ರೋಲಿಯಂ ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಮತ್ತೊಂದು ಅಪಾಯ ಎದುರಾಗುತ್ತದೆ. ಹಾಲು, ಮಜ್ಜಿಗೆ, ಎಣ್ಣೆ, ಮದ್ಯ ಯಾವುದನ್ನೂ ಕುಡಿಸಬಾರದು.

ಡಬ್ಬಿಯನ್ನು ಒಯ್ಯಬೇಕೆನ್ನಲು ಕಾರಣವಿದೆ. ಆರ್ಗನೋಫಾಸ್ಫೇಟ್‌ಗೆ ನೀಡುವ ಪ್ರತಿವಿಷವು ಪೈರೆಥ್ರಾಯ್ಡ್‌ಗೆ ಅನ್ವಯಿಸುವುದಿಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕವು ನರಗಳಿಗಿಂತ ಮುಖ್ಯವಾಗಿ ಶ್ವಾಸಕೋಶ ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಅದರ ಚಿಕಿತ್ಸಾಕ್ರಮವೇ ಬೇರೆ. ವಿಷದ ಹೆಸರು ತಿಳಿದರೆ ವೈದ್ಯರಿಗೆ ಅಮೂಲ್ಯವಾದ ಸಮಯ ಉಳಿಯುತ್ತದೆ.

6. ಆಸ್ಪತ್ರೆಯಲ್ಲಿ ನೀಡುವ ಚಿಕಿತ್ಸೆ

ಆರ್ಗನೋಫಾಸ್ಫೇಟ್ ವಿಷಬಾಧೆಗೆ ಮೊದಲ ಪ್ರತಿವಿಷ ಅಟ್ರೋಪಿನ್. ಇದು ಗ್ರಂಥಿಗಳು ಮತ್ತು ಹೃದಯದ ಮೇಲಿರುವ ಗ್ರಾಹಿಗಳನ್ನು ಮುಚ್ಚಿ, ಶ್ವಾಸನಾಳದ ದ್ರವವನ್ನು ಒಣಗಿಸುತ್ತದೆ. ಸಾಮಾನ್ಯವಾಗಿ ಒಂದು ಚುಚ್ಚುಮದ್ದಿನ ಗಾಜಿನ ಶೀಷೆಯಲ್ಲಿ 0.6 ಮಿಲಿಗ್ರಾಂ ಅಟ್ರೋಪಿನ್ ಇರುತ್ತದೆ. ತೀವ್ರ ವಿಷಬಾಧೆಯಲ್ಲಿ ಶ್ವಾಸಕೋಶ ತಿಳಿಯಾಗುವವರೆಗೆ ಕೆಲವು ನಿಮಿಷಗಳಿಗೊಮ್ಮೆ ಪ್ರಮಾಣ ಹೆಚ್ಚಿಸುತ್ತಾ ಹತ್ತಾರು ಶೀಷೆಗಳನ್ನು ನೀಡಬೇಕಾಗಬಹುದು. ಇದರಿಂದ ರೋಗಿಗೆ ಬಾಯಿ ಒಣಗುವುದು, ಮೈ ಬಿಸಿಯಾಗುವುದು, ಬಡಬಡಿಸುವುದು ಉಂಟಾಗಬಹುದು. ಕುಟುಂಬದವರು ಇದನ್ನು ಕಂಡು ಗಾಬರಿಯಾಗದೆ ಚಿಕಿತ್ಸೆಗೆ ಸಹಕರಿಸತಕ್ಕದ್ದು.

ಎರಡನೆಯದು ಪ್ರಾಲಿಡಾಕ್ಸಿಮ್. ಇದನ್ನು ಆಸ್ಪತ್ರೆಗಳಲ್ಲಿ "ಪ್ಯಾಮ್" ಎಂದು ಕರೆಯುವುದುಂಟು. ಕಿಣ್ವಕ್ಕೆ ಅಂಟಿಕೊಂಡ ವಿಷವನ್ನು ಬಿಡಿಸುವುದು ಇದರ ಉದ್ದೇಶ. ಅಂಟು ಗಟ್ಟಿಯಾದ ಮೇಲೆ ಇದರಿಂದ ಪ್ರಯೋಜನವಿಲ್ಲ. ಇದನ್ನು ನೀಡುವ ಬಗ್ಗೆ ವೈದ್ಯರೇ ತೀರ್ಮಾನಿಸುತ್ತಾರೆ.

ಅಟ್ರೋಪಿನ್ ಸ್ನಾಯುಗಳ ನಿಶ್ಶಕ್ತಿಯನ್ನು ಸರಿಪಡಿಸಲಾರದು. ಆದುದರಿಂದ ತೀವ್ರ ಪ್ರಕರಣಗಳಲ್ಲಿ ಸ್ನಾಯುಗಳು ಚೇತರಿಸಿಕೊಳ್ಳುವವರೆಗೆ ಕೃತಕ ಉಸಿರಾಟದ ಯಂತ್ರವನ್ನು ಅಳವಡಿಸುವುದು ಅನಿವಾರ್ಯ. ರಾಂಪುರದಂತಹ ಊರುಗಳಿಂದ ಇಂತಹ ಸೌಲಭ್ಯಕ್ಕಾಗಿ ಬಳ್ಳಾರಿ ಅಥವಾ ಚಿತ್ರದುರ್ಗಕ್ಕೆ ಹೋಗಬೇಕಾಗುತ್ತದೆ. ಆದ್ದರಿಂದ ಸಮೀಪದ ಆರೋಗ್ಯ ಕೇಂದ್ರದಲ್ಲಿ ಮೊದಲು ಅಟ್ರೋಪಿನ್ ಆರಂಭಿಸಿ, ಆಮ್ಲಜನಕದ ವ್ಯವಸ್ಥೆಯೊಂದಿಗೆ ಮುಂದಿನ ಆಸ್ಪತ್ರೆಗೆ ಕಳುಹಿಸುವುದು ಸೂಕ್ತ ಕ್ರಮ. ದಾರಿಯಲ್ಲಿ ಸಿಗುವ ಆರೋಗ್ಯ ಕೇಂದ್ರವನ್ನು ಬಿಟ್ಟು ನೇರವಾಗಿ ದೂರದ ಊರಿಗೆ ಹೊರಡುವುದರಿಂದ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ.

ಬೇಗ ಮನೆಗೆ ಕರೆದೊಯ್ಯಬಾರದು: ಮೊದಲ ಲಕ್ಷಣಗಳು ಇಳಿದು ರೋಗಿ ಮಾತನಾಡುತ್ತಿರುವಾಗಲೇ, ಸಾಮಾನ್ಯವಾಗಿ 24ರಿಂದ 96 ಗಂಟೆಗಳ ನಡುವೆ, ಸ್ನಾಯುಗಳು ಮತ್ತೊಮ್ಮೆ ಸೋಲುವ ಸ್ಥಿತಿ ಉಂಟಾಗಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಪ್ರತ್ಯೇಕ ಹಂತವೆಂದು ಗುರುತಿಸಿ ವರದಿ ಮಾಡಿದರು. ಮಲಗಿದವರು ದಿಂಬಿನಿಂದ ತಲೆ ಎತ್ತಲಾಗದಿರುವುದು ಇದರ ಮೊದಲ ಸೂಚನೆ. ಮರುದಿನವೇ ಗುಣವಾಯಿತೆಂದು ಭಾವಿಸಿ ಬಿಡುಗಡೆ ಮಾಡಿಸಿಕೊಂಡು ಹೋದಲ್ಲಿ ಮನೆಯಲ್ಲಿಯೇ ಉಸಿರು ನಿಲ್ಲುವ ಅಪಾಯವಿದೆ. ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲಿಯೇ ಇರತಕ್ಕದ್ದು. ಕೆಲವು ವಿಷಗಳಲ್ಲಿ ಒಂದರಿಂದ ಮೂರು ವಾರಗಳ ನಂತರ ಕಾಲುಗಳಲ್ಲಿ ಜೋಮು ಮತ್ತು ನಿಶ್ಶಕ್ತಿ ಕಾಣಿಸಿಕೊಳ್ಳಬಹುದು; ಆಗಲೂ ವೈದ್ಯರನ್ನು ಕಾಣಬೇಕು.

7. ನಡೆದ ಘಟನೆಗಳು ಮತ್ತು ಅವುಗಳಿಂದ ತಿಳಿಯಬೇಕಾದುದು

ಕೇರಳ, 1958: ಪ್ಯಾರಾಥಿಯಾನ್ ಎಂಬ ಆರ್ಗನೋಫಾಸ್ಫೇಟ್ ತಾಗಿದ ಗೋಧಿ ಹಿಟ್ಟನ್ನು ಸೇವಿಸಿ ನೂರಕ್ಕೂ ಹೆಚ್ಚು ಜನ ಮೃತಪಟ್ಟರು. ಈ ದುರಂತದ ನಂತರ ನಡೆದ ವಿಚಾರಣೆಯ ಫಲವಾಗಿ ಕೀಟನಾಶಕ ಕಾಯ್ದೆ, 1968 ಜಾರಿಗೆ ಬಂದಿತು. ಆಹಾರ ಪದಾರ್ಥದೊಂದಿಗೆ ಕೀಟನಾಶಕವನ್ನು ಸಾಗಿಸಬಾರದು, ಸಂಗ್ರಹಿಸಬಾರದು ಎಂಬ ನಿಯಮದ ಹಿಂದೆ ಈ ಸಾವುಗಳಿವೆ.

ಬಿಹಾರ, 2013: ಜುಲೈ 16ರಂದು ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಬಿಸಿಯೂಟ ಸೇವಿಸಿದ 23 ಮಕ್ಕಳು ಮೃತಪಟ್ಟರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಇದ್ದುದು ಪರೀಕ್ಷೆಯಲ್ಲಿ ಕಂಡುಬಂದಿತು.

ಸುಳ್ವಾಡಿ, 2018: ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿ ಗ್ರಾಮದ ಕಿಚ್‌ಗುತ್ತಿ ಮಾರಮ್ಮ ದೇವಸ್ಥಾನದಲ್ಲಿ ಪ್ರಸಾದ ಸೇವಿಸಿದ ನೂರಕ್ಕೂ ಹೆಚ್ಚು ಭಕ್ತರು ಅಸ್ವಸ್ಥರಾಗಿ, 17 ಜನ ಮೃತಪಟ್ಟರು. ಪ್ರಸಾದದಲ್ಲಿ ಮಾನೋಕ್ರೋಟೋಫಾಸ್ ಬೆರೆತಿದ್ದುದು ದೃಢಪಟ್ಟಿತು. ಬಾಧಿತರನ್ನು ನೂರು ಕಿಲೋಮೀಟರ್‌ಗೂ ಹೆಚ್ಚು ದೂರದ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಅನೇಕರಿಗೆ ಕೃತಕ ಉಸಿರಾಟದ ಯಂತ್ರ ಬೇಕಾಯಿತು. ಒಂದೇ ಊಟ ಮಾಡಿದ ಹಲವರಲ್ಲಿ ಏಕಕಾಲಕ್ಕೆ ವಾಂತಿಯ ಜೊತೆಗೆ ಜೊಲ್ಲು, ಕಿರಿದಾದ ಪಾಪೆ ಮತ್ತು ಸ್ನಾಯುಗಳ ಅದುರುವಿಕೆ ಕಂಡುಬಂದಲ್ಲಿ ಅದನ್ನು ಸಾಮಾನ್ಯ ಆಹಾರ ದೋಷವೆಂದು ಭಾವಿಸದೆ ಕೀಟನಾಶಕವನ್ನು ಶಂಕಿಸಿ ವೈದ್ಯರಿಗೆ ತಿಳಿಸಬೇಕು. ಮೊದಲು ಉಂಡವರು ಅಸ್ವಸ್ಥರಾದ ಕೂಡಲೇ ಉಳಿದವರಿಗೆ ಬಡಿಸುವುದನ್ನು ನಿಲ್ಲಿಸಬೇಕು.

ಕಾಸರಗೋಡು ಮತ್ತು ದಕ್ಷಿಣ ಕನ್ನಡ: 1970ರ ದಶಕದ ಉತ್ತರಾರ್ಧದಿಂದ 2000ನೇ ಇಸವಿಯವರೆಗೆ ಕಾಸರಗೋಡು ಜಿಲ್ಲೆಯ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕನ್ನಡ ಮಾತನಾಡುವ ಜನ ಹೆಚ್ಚಾಗಿರುವ ಎಣ್ಮಕಜೆ ಪಂಚಾಯಿತಿಯ ಪಡ್ರೆ ಮುಂತಾದ ಗ್ರಾಮಗಳಲ್ಲಿ ಮಕ್ಕಳ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರದ ಪ್ರಕರಣಗಳ ಬಗ್ಗೆ ಸ್ಥಳೀಯ ವೈದ್ಯರಾದ ಡಾ. ವೈ.ಎಸ್. ಮೋಹನ್ ಕುಮಾರ್ ಹಾಗೂ ಪತ್ರಕರ್ತ ಶ್ರೀ ಪಡ್ರೆ ಅವರು ಸಾರ್ವಜನಿಕರ ಗಮನ ಸೆಳೆದರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಮುಂತಾದ ಗ್ರಾಮಗಳಿಂದಲೂ ಇದೇ ಬಗೆಯ ದೂರುಗಳು ಬಂದವು. ಕರ್ನಾಟಕ ಸರ್ಕಾರವು 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನ್ ಬಳಕೆಯನ್ನು ನಿಷೇಧಿಸಿತು. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ದೇಶದಾದ್ಯಂತ ಇದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. ಆರ್ಗನೋಫಾಸ್ಫೇಟ್ ಕೆಲವೇ ಗಂಟೆಗಳಲ್ಲಿ ತನ್ನ ಪರಿಣಾಮ ತೋರಿದರೆ, ದೀರ್ಘಕಾಲ ಪರಿಸರದಲ್ಲಿ ಉಳಿಯುವ ವಿಷಗಳ ಬಗ್ಗೆ ತಿಳಿಯಲು ವರ್ಷಗಳೇ ಹಿಡಿಯುತ್ತವೆ ಎಂಬುದು ಇದರಿಂದ ವೇದ್ಯವಾಗುತ್ತದೆ.

8. ಖರೀದಿ ಮತ್ತು ಬಳಕೆಯಲ್ಲಿ ಎಚ್ಚರಿಕೆ

ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕೃತಿಯ ಚೌಕವಿದ್ದು, ಅದರ ಕೆಳಗಿನ ತ್ರಿಕೋನದ ಬಣ್ಣವು ವಿಷದ ತೀವ್ರತೆಯನ್ನು ತಿಳಿಸುತ್ತದೆ. ಓದು ಬಾರದವರೂ ಇದನ್ನು ಗುರುತಿಸಬಹುದು.

- ಕೆಂಪು: ಅತ್ಯಂತ ತೀವ್ರ ವಿಷ
- ಹಳದಿ: ಹೆಚ್ಚು ವಿಷ
- ನೀಲಿ: ಮಧ್ಯಮ ವಿಷ
- ಹಸಿರು: ಅಲ್ಪ ವಿಷ

ಹಸಿರು ಬಣ್ಣವಿದ್ದ ಮಾತ್ರಕ್ಕೆ ನಿರಪಾಯಕಾರಿ ಎಂದಲ್ಲ. ಕೀಟನಾಶಕ ನಿಯಮಗಳು, 1971ರ ಪ್ರಕಾರ ಡಬ್ಬಿಯೊಂದಿಗೆ ನೀಡುವ ಮಾಹಿತಿ ಪತ್ರದಲ್ಲಿ ವಿಷಬಾಧೆಯ ಲಕ್ಷಣ, ಪ್ರಥಮ ಚಿಕಿತ್ಸೆ ಹಾಗೂ ಪ್ರತಿವಿಷದ ವಿವರ ಇರಬೇಕು. ಪರವಾನಗಿ ಹೊಂದಿದ ಮಾರಾಟಗಾರರಿಂದ ಮಾತ್ರ ಖರೀದಿಸಿ ರಸೀದಿ ಪಡೆಯತಕ್ಕದ್ದು.

ಕೇಂದ್ರ ಸರ್ಕಾರವು 2018ರ ಆದೇಶದ ಮೂಲಕ ಮಿಥೈಲ್ ಪ್ಯಾರಾಥಿಯಾನ್ ಸೇರಿದಂತೆ 12 ಕೀಟನಾಶಕಗಳನ್ನು ನಿಷೇಧಿಸಿದ್ದಲ್ಲದೆ, ಫೋರೇಟ್, ಡೈಕ್ಲೋರ್‌ವಾಸ್, ಟ್ರೈಅಜೋಫಾಸ್ ಮುಂತಾದ 6 ಕೀಟನಾಶಕಗಳ ಬಳಕೆಯನ್ನು 2020ರ ಡಿಸೆಂಬರ್ 31ರಿಂದ ನಿಲ್ಲಿಸಿದೆ. ಶೇ. 36ರ ಮಾನೋಕ್ರೋಟೋಫಾಸ್ ದ್ರಾವಣವನ್ನು 2023ರಲ್ಲಿ ನಿಷೇಧಿಸಲಾಗಿದೆ. ಮನೆಯಲ್ಲಿ ಇಂತಹ ಹಳೆಯ ಡಬ್ಬಿಗಳಿದ್ದಲ್ಲಿ ಬಳಸದೆ, ಕೆರೆ ಕಟ್ಟೆಗೆ ಚೆಲ್ಲದೆ, ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳ ಸಲಹೆ ಪಡೆಯತಕ್ಕದ್ದು.

ಸಿಂಪರಣೆ ಮಾಡುವವರು ತುಂಬುತೋಳಿನ ಅಂಗಿ, ಕೈಗವಸು, ಮುಖಗವಸು ಧರಿಸಬೇಕು. ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದಬಾರದು. ಬರಿಗೈಯಿಂದ ವಿಷ ಕಲಸಬಾರದು. ಕೆಲಸದ ನಡುವೆ ಬೀಡಿ, ಎಲೆ ಅಡಿಕೆ, ಊಟ ಬೇಡ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ, ಸೀಮೆಎಣ್ಣೆ ಇಡಬಾರದು. ಕುಡಿಯುವ ನೀರಿನ ಬಾಟಲಿಗೆ ವಿಷ ಸುರಿದಿಡಬಾರದು. ಮಕ್ಕಳು ಮತ್ತು ಗರ್ಭಿಣಿಯರನ್ನು ಈ ಕೆಲಸಕ್ಕೆ ಹಚ್ಚಬಾರದು. ಕೀಟನಾಶಕ ತಯಾರಿಕೆ ಮುಂತಾದ ಕೆಲಸಗಳಲ್ಲಿರುವ ನೌಕರರಿಗೆ ನಿಯತಕಾಲಿಕ ವೈದ್ಯಕೀಯ ತಪಾಸಣೆಯನ್ನು ನಿಯಮಗಳು ಕಡ್ಡಾಯಗೊಳಿಸಿವೆ. ಸ್ವಂತ ಹೊಲದಲ್ಲಿ ಸಿಂಪಡಿಸುವ ರೈತರು ಮತ್ತು ಕೂಲಿಕಾರರ ಮೇಲೆ ಇಂತಹ ನಿಗಾ ಇರುವುದಿಲ್ಲವಾದ್ದರಿಂದ, ಅವರು ತಮ್ಮ ಲಕ್ಷಣಗಳನ್ನು ತಾವೇ ಗಮನಿಸಿ ವೈದ್ಯರಿಗೆ ತಿಳಿಸಬೇಕಾಗುತ್ತದೆ.

9. ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಪೊಲೀಸ್ ದೂರು ಆಗದೆ ಚಿಕಿತ್ಸೆ ದೊರೆಯುವುದೇ?
ಉತ್ತರ: ದೊರೆಯುತ್ತದೆ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ನೀಡಿದ ತೀರ್ಪಿನಂತೆ, ಕಾನೂನಿನ ವಿಧಿಗಳಿಗಾಗಿ ಕಾಯದೆ ಪ್ರಾಣ ಉಳಿಸುವ ಚಿಕಿತ್ಸೆ ನೀಡುವುದು ಸರ್ಕಾರಿ ಹಾಗೂ ಖಾಸಗಿ ವೈದ್ಯರ ಕರ್ತವ್ಯ. ಪೊಲೀಸರಿಗೆ ಮಾಹಿತಿ ನೀಡುವ ಕಾರ್ಯವನ್ನು ಆಸ್ಪತ್ರೆಯೇ ನಿರ್ವಹಿಸುತ್ತದೆ.

ಪ್ರಶ್ನೆ: ತಾನಾಗಿ ವಿಷ ಸೇವಿಸಿದ್ದರೆ ಶಿಕ್ಷೆಯಾಗುವುದೇ?
ಉತ್ತರ: ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ 115ನೇ ಪ್ರಕರಣದಂತೆ ಅಂತಹ ವ್ಯಕ್ತಿಯು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ಭಾವಿಸತಕ್ಕದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಹಿಂದಿನ ದಂಡ ಸಂಹಿತೆಯ 309ನೇ ಪ್ರಕರಣವನ್ನು ಉಳಿಸಿಕೊಂಡಿಲ್ಲ. ಆದ್ದರಿಂದ ಕುಟುಂಬದವರು ಭಯ ಅಥವಾ ಮರ್ಯಾದೆಯ ಅಂಜಿಕೆಯಿಂದ ವಿಷಯ ಮುಚ್ಚಿಡದೆ, ಸೇವಿಸಿದ ವಿಷ ಯಾವುದು, ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರಿಗೆ ನಿಜವಾಗಿ ತಿಳಿಸಬೇಕು. ಮನಸ್ಸಿನ ಸಂಕಟದಲ್ಲಿರುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ವಿಷದ ಡಬ್ಬಿಗಳನ್ನು ಮನೆಯೊಳಗೆ ಇಡದೆ ಬೀಗದಲ್ಲಿಡುವುದರಿಂದ ಅನೇಕ ಪ್ರಾಣಗಳು ಉಳಿಯುತ್ತವೆ.

ಪ್ರಶ್ನೆ: ಯಾವ ದಾಖಲೆಗಳನ್ನು ಪಡೆದಿಟ್ಟುಕೊಳ್ಳಬೇಕು?
ಉತ್ತರ: ಬಿಡುಗಡೆ ಪತ್ರ, ಪ್ರಯೋಗಾಲಯದ ವರದಿಗಳು, ಕೀಟನಾಶಕ ಖರೀದಿಯ ರಸೀದಿ, ಪೊಲೀಸ್ ಪ್ರಕರಣದ ಪ್ರತಿ. ಸಾವು ಸಂಭವಿಸಿದಲ್ಲಿ ಮರಣೋತ್ತರ ಪರೀಕ್ಷೆಯ ವರದಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ, ರೋಗಿ ಅಥವಾ ಅಧಿಕೃತ ಸಂಬಂಧಿಕರು ಕೋರಿದಲ್ಲಿ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆಗಳನ್ನು ನೀಡಬೇಕು. ಮರಣೋತ್ತರ ಪರೀಕ್ಷೆ ಇಲ್ಲದೆ ಅಂತ್ಯಕ್ರಿಯೆ ನೆರವೇರಿಸಿದರೆ, ನಂತರ ಪರಿಹಾರ ಕೋರುವಾಗ ಸಾವಿನ ಕಾರಣವನ್ನು ರುಜುವಾತುಪಡಿಸುವುದು ಕಷ್ಟವಾಗುತ್ತದೆ.

ಪ್ರಶ್ನೆ: ನರಗಳಿಗೆ ಶಾಶ್ವತ ಹಾನಿಯಾಗಿದ್ದರೆ ಏನು ಮಾಡಬೇಕು?
ಉತ್ತರ: ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ದೀರ್ಘಕಾಲಿಕ ನರರೋಗಗಳೂ ಸೇರಿವೆ. ನಿಗದಿತ ವೈದ್ಯಕೀಯ ಪ್ರಾಧಿಕಾರದ ಪರೀಕ್ಷೆಯ ನಂತರ ವಿಶಿಷ್ಟ ಗುರುತಿನ ಚೀಟಿ ದೊರೆಯುತ್ತದೆ. ಮಾಸಾಶನಕ್ಕಾಗಿ ಅರ್ಜಿಯನ್ನು ಹೋಬಳಿಯ ನಾಡಕಚೇರಿಯಲ್ಲಿ ಸಲ್ಲಿಸಬಹುದು. ಯೋಜನೆಗಳ ಮೊತ್ತ ಮತ್ತು ಷರತ್ತುಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಪ್ರಶ್ನೆ: ಕೀಟ ಹತೋಟಿಯ ಬಗ್ಗೆ ಸಲಹೆ ಎಲ್ಲಿ ದೊರೆಯುತ್ತದೆ?
ಉತ್ತರ: ರೈತ ಸಂಪರ್ಕ ಕೇಂದ್ರಗಳಲ್ಲಿ, ಹಾಗೂ ಕಿಸಾನ್ ಕರೆ ಕೇಂದ್ರದ ಉಚಿತ ದೂರವಾಣಿ 1800-180-1551ರಲ್ಲಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಕೀಟದ ಬಾಧೆ ಸಿಂಪರಣೆಯ ಮಟ್ಟ ತಲುಪಿದೆಯೇ ಎಂಬುದನ್ನು ಮೊದಲು ವಿಚಾರಿಸುವುದು ಹಣಕ್ಕೂ ಆರೋಗ್ಯಕ್ಕೂ ಹಿತ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ, ವೈದ್ಯರ ಚಿಕಿತ್ಸೆಗೆ ಪರ್ಯಾಯವಲ್ಲ. ವಿಷಬಾಧೆಯ ಶಂಕೆಯಿದ್ದಲ್ಲಿ ಲಕ್ಷಣಗಳು ಹೆಚ್ಚಾಗುವವರೆಗೆ ಕಾಯದೆ ಕೂಡಲೇ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರವನ್ನು ಸಂಪರ್ಕಿಸತಕ್ಕದ್ದು. ತುರ್ತು ವಾಹನ ಸೇವೆ: 108.